ಒಸಿಡಿಗೆ ಕಂಪ್ಯೂಟರ್ ಕೋರ್ಸ್: ಎರಡು ವರ್ಷ ಬಳಸಿದ ಮೇಲೆ

ಒಸಿಡಿ ಅಂದರೆ ಬೇಡದ ಯೋಚನೆ ಮತ್ತೆ ಮತ್ತೆ ಬಂದು, ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಗೀಳು ಕಾಯಿಲೆ. ನನ್ನದು ಗ್ಯಾಸ್ ನಾಬ್ ಮತ್ತು ಮನೆ ಬೀಗವನ್ನು ಚೆಕ್ ಮಾಡುವ ಗೀಳು. ಮಾತ್ರೆಯ ಜೊತೆಗೆ, ಮನೆಯಲ್ಲೇ ಕೂತು ಮಾಡುವ ಈ ಕೋರ್ಸನ್ನೂ ಡಾಕ್ಟರೇ ಹೇಳಿದರು. ಕಂಪನಿಯ ಹೆಸರು ಬೇಡ. ಐದಕ್ಕೆ ಮೂರೂವರೆ ಸ್ಟಾರ್ ಕೊಡುತ್ತೇನೆ.

ಒಳಗಿರುವುದು ಇಆರ್‌ಪಿ (ಎಕ್ಸ್‌ಪೋಶರ್ ಅಂಡ್ ರೆಸ್ಪಾನ್ಸ್ ಪ್ರಿವೆನ್ಶನ್) ಅನ್ನುವ ಹಳೆಯ ಚಿಕಿತ್ಸೆಯೇ. ಹೆದರಿಸುವುದನ್ನು ಬೇಕಂತಲೇ ಎದುರಿಸಬೇಕು, ಆಮೇಲೆ ತೊಳೆಯುವುದು, ಚೆಕ್ ಮಾಡುವುದು ಏನೂ ಮಾಡದೆ ಸುಮ್ಮನಿರಬೇಕು. ಇದನ್ನು ಯಂತ್ರದ ಕೈಗೆ ಕೊಡುವುದೂ ಹೊಸದಲ್ಲ. 1990ರ ದಶಕದಲ್ಲೇ ಬಿಟಿ ಸ್ಟೆಪ್ಸ್ ಅಂತ ಒಂದಿತ್ತು. ಪುಸ್ತಕ ಎದುರಿಗಿಟ್ಟುಕೊಂಡು ಫೋನಿನ ಗುಂಡಿ ಒತ್ತುತ್ತಾ ಹೋದರೆ ಆ ಕಡೆಯಿಂದ ಕಂಪ್ಯೂಟರ್ ಮುಂದಿನ ಹೆಜ್ಜೆ ಹೇಳುತ್ತಿತ್ತು.

ಈ ಕೋರ್ಸಿನಲ್ಲಿ ನನಗೆ ತುಂಬಾ ಹಿಡಿಸಿದ್ದು ಮೆಟ್ಟಿಲು ಪಟ್ಟಿ. ಕೆಳಗಿನ ಮೆಟ್ಟಿಲು: ಒಲೆ ಆರಿಸಿ, ಒಂದೇ ಸಲ ನೋಡಿ, ಹಾಲ್‌ಗೆ ಬಂದುಬಿಡುವುದು. ಮೇಲಿನದು: ಬೀಗ ಹಾಕಿ, ಜಗ್ಗಿ ನೋಡದೆ ಸೀದಾ ಬಸ್ ಸ್ಟಾಪಿಗೆ ನಡೆಯುವುದು. ಪ್ರತಿ ಸಲ ಆತಂಕಕ್ಕೆ ಹತ್ತರಲ್ಲಿ ಅಂಕ ಹಾಕಬೇಕು. ಎಂಟು ಇದ್ದದ್ದು ನಾಬ್ ಮುಟ್ಟದೆಯೇ ನಾಲ್ಕಕ್ಕೆ ಇಳಿದದ್ದು ಪರದೆ ಮೇಲೆ ಕಂಡಾಗ, ಡಾಕ್ಟರ್ ಬಾಯಲ್ಲಿ ಕೇಳಿದ್ದಕ್ಕಿಂತ ಜಾಸ್ತಿ ನಂಬಿಕೆ ಬಂತು. ರಾತ್ರಿ ಹನ್ನೊಂದಕ್ಕೂ ಮಾಡಬಹುದು, ಯಾರೆದುರೂ ನಾಚಿಕೆ ಪಡಬೇಕಿಲ್ಲ.

ಕೊರತೆ ಎಲ್ಲಿ ಅಂದರೆ, ಅದಕ್ಕೆ ಕಣ್ಣಿಲ್ಲ. 'ಮತ್ತೆ ಚೆಕ್ ಮಾಡಿದಿರಾ?' ಎಂದು ಕೇಳುತ್ತದೆ, ನಾನು 'ಇಲ್ಲ' ಒತ್ತುತ್ತಿದ್ದೆ. ಅಂಕ ಚೆನ್ನಾಗಿ ಇಳಿಯುತ್ತಿತ್ತು, ಅದೂ ಶಭಾಷ್ ಅನ್ನುತ್ತಿತ್ತು. ಆಮೇಲೆ ಥೆರಪಿಸ್ಟ್ ಒಬ್ಬರ ಹತ್ತಿರ ಹೋದಾಗ ಅವರು ಕೇಳಿದ ಮೊದಲ ಪ್ರಶ್ನೆಗಳಲ್ಲೇ ಒಂದು: "ನಾಬ್‌ದು ಫೋಟೋ ಗೀಟೋ ತೆಗೆದುಕೊಳ್ಳುತ್ತೀರಾ?" ಫೋನ್ ಗ್ಯಾಲರಿ ತುಂಬಾ ಅದೇ ಇತ್ತು! ಆಫೀಸಿನಿಂದ ಹೆಂಡತಿಗೆ ಫೋನ್ ಮಾಡಿ "ಒಲೆ ಆರಿಸಿದ್ದೆ ಅಲ್ವಾ?" ಅನ್ನುವುದೂ, ಅವಳು "ಆರಿದೆ ಕಣ್ರೀ" ಅನ್ನುವುದೂ ಚೆಕ್ ಮಾಡಿದ ಹಾಗೇ ಅಂತೆ. ಮನಸ್ಸಿನಲ್ಲೇ ಎಣಿಸುವವರು, ಮಂತ್ರ ಹೇಳಿಕೊಳ್ಳುವವರು ಈ ಕೋರ್ಸಿನಿಂದ ಇನ್ನೂ ಸುಲಭವಾಗಿ ತಪ್ಪಿಸಿಕೊಳ್ಳುತ್ತಾರೆ.

ಬಿಟಿ ಸ್ಟೆಪ್ಸ್ ಬಗ್ಗೆ 2002ರಲ್ಲಿ ಬಂದ ಅಧ್ಯಯನವೂ ಇದೇ ದಿಕ್ಕಿನಲ್ಲಿದೆ. 218 ಜನರಲ್ಲಿ, ಒಸಿಡಿ ಎಷ್ಟು ತೀವ್ರ ಅಂತ 40 ಅಂಕಕ್ಕೆ ಅಳೆಯುವ ಯೇಲ್-ಬ್ರೌನ್ ಅಳತೆಯಲ್ಲಿ ಕಂಪ್ಯೂಟರ್ ಗುಂಪಿನವರಿಗೆ ಸರಾಸರಿ 5.6 ಅಂಕ ಇಳಿಯಿತು, ಥೆರಪಿಸ್ಟ್ ಜೊತೆ ಮಾಡಿದವರಿಗೆ 8. ಬರೀ ರಿಲ್ಯಾಕ್ಸೇಶನ್ ಮಾಡಿದವರಿಗೆ 1.7. ಕಂಪ್ಯೂಟರ್ ದಂಡ ಅಲ್ಲ, ಆದರೆ ಮನುಷ್ಯರಷ್ಟೂ ಅಲ್ಲ.

ಇನ್ನೊಂದು ಕಿರಿಕಿರಿ: ದಿನಕ್ಕೆ ಮೂರು ನೋಟಿಫಿಕೇಶನ್, 'ಸ್ಟ್ರೀಕ್ (ಬಿಡದೆ ಮಾಡಿದ ದಿನಗಳ ಲೆಕ್ಕ) ತಪ್ಪುತ್ತೆ' ಅಂತ. ಒಸಿಡಿ ಇರುವವರಿಗೆ ಸ್ಟ್ರೀಕ್ ತೋರಿಸುವುದು ಯಾರ ಐಡಿಯಾನೋ! ಆ ಅಂಕಿ ಸರಿ ಇದೆಯಾ ಅಂತ ನೋಡುವುದೇ ಹೊಸ ಚೆಕ್ಕಿಂಗ್ ಆಯಿತು. ಸೆಟ್ಟಿಂಗ್ಸ್‌ಗೆ ಹೋಗಿ ಮೊದಲು ಅದನ್ನು ಆಫ್ ಮಾಡಿ. ಕನ್ನಡದಲ್ಲಿ ಇಲ್ಲ, ಹಾಗಾಗಿ ಅಮ್ಮನಂಥವರಿಗೆ ಕೊಡೋಕಾಗಲ್ಲ.

ಕೈಯಿಂದ ಚೆಕ್ ಮಾಡುವ, ತೊಳೆಯುವ ಗೀಳಿಗೆ, ಅದೂ ಮಧ್ಯಮ ಮಟ್ಟದ್ದಾದರೆ, ದುಡ್ಡು ಕೊಡಬಹುದು. ತಿಂಗಳಿಗೊಮ್ಮೆಯಾದರೂ ಥೆರಪಿಸ್ಟ್ ನೋಡುವ ಹಾಗಿರಲಿ. ಮಾತ್ರೆಯನ್ನು ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ. ಎಲ್ಲಿಂದ ಶುರು ಮಾಡುವುದು ಅಂತ ಗೊತ್ತಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಅದು ಉಚಿತ, ಕನ್ನಡದಲ್ಲೇ ಮಾತಾಡಬಹುದು.