ಹಳೇ ಕ್ವಾರಿ ಗುಂಡಿ: ತುಂಬೋದಾ, ನೀರು ನಿಲ್ಲಿಸೋದಾ?

ಕೊಡಗಿನಲ್ಲಿ ಕೈಬಿಟ್ಟ ಕಲ್ಲು ಕ್ವಾರಿ ಸುಮ್ನೆ ಬಿದ್ದಿದ್ದರೆ ಪಂಚಾಯಿತಿಯ ಮುಂದೆ ಎರಡು ದಾರಿ ಇವೆ.

ಮಣ್ಣು ತುಂಬಿ ಗಿಡ ನೆಡಲು ಮೊದಲಿಗೇ ದುಡ್ಡು ಜಾಸ್ತಿ ಬೇಕು. ನಮ್ಮ ಮಳೆಗೆ ಸಡಿಲ ಮಣ್ಣು ನಿಲ್ಲುವುದಿಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡಗಳೇ ಜಾರಿದ್ದವು, ಅಲ್ವಾ? ಹಾಗಾಗಿ ಹಂತ ಹಂತವಾಗಿ ತುಂಬಿ, ಗಟ್ಟಿ ಮಾಡಿ, ನೀರು ಹೋಗಲು ಚರಂಡಿ ತೆಗೆಯಬೇಕು. ಗಿಡ ಬೇರು ಬಿಟ್ಟ ಮೇಲೆ ಖರ್ಚು ಕಡಿಮೆ.

ನೀರು ನಿಲ್ಲಿಸುವುದು ಅಗ್ಗ. ಹೂಮಳೆ (ಕಾಫಿ ಹೂ ಅರಳಲು ಬೇಕಾದ ಬೇಸಿಗೆ ಮಳೆ) ಕೈಕೊಟ್ಟರೆ ಕಾಫಿಗೆ ಸ್ಪ್ರಿಂಕ್ಲರ್ ಹಾಕಬಹುದು. ಆದರೆ ಗೋಡೆಯಂತೆ ಕಡಿದ ಬಂಡೆ. ಮಕ್ಕಳೋ ದನವೋ ಬಿದ್ದರೆ ಹತ್ತಿ ಬರುವುದು ಕಷ್ಟ. ಬೇಲಿಯನ್ನು ಪ್ರತಿ ವರ್ಷ ನೋಡಿಕೊಳ್ಳಲೇಬೇಕು.

ಯಾವ ದಾರಿ ಹಿಡಿದರೂ, ಕೆಲಸ ನಿಲ್ಲಿಸಿ ಕೈತೊಳೆದುಕೊಂಡರೆ ಸಾಲದು. ಕೋಲಾರದ ಚಿನ್ನದ ಗಣಿ 2001ರಲ್ಲೇ ಮುಚ್ಚಿದರೂ ಸೈನೈಡ್ ಗುಡ್ಡಗಳ (ಸೈನೈಡ್ ಬಳಸಿ ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ರಾಶಿ) ಧೂಳಿನ ಕಾಟ ಮುಗಿಯಲಿಲ್ಲ. ಮನೆ, ಶಾಲೆ ಹತ್ತಿರವಿದ್ದರೆ ನನ್ನ ಮತ ತುಂಬುವುದಕ್ಕೇ. ತೋಟದ ನಡುವೆ ಇದ್ದರೆ ನೀರು ಸರಿ, ಬೇಲಿಯ ಹಣ ಮೊದಲೇ ಎತ್ತಿಟ್ಟಿದ್ದರೆ ಮಾತ್ರ.