ಒಂಟಿ ಸಿಲಿಂಡರ್ ಡೈವಿಂಗ್‌ಗೆ ಸ್ಟೀಲ್ ಪ್ಲೇಟೋ, ಅಲ್ಯೂಮಿನಿಯಂ ಪ್ಲೇಟೋ?

ಕಲಬುರಗಿಯಿಂದ ಸಮುದ್ರ ದೂರ. ನೇತ್ರಾಣಿ ದ್ವೀಪದ ಬಳಿ ನೀರಿಗೆ ಇಳಿಯಬೇಕಾದರೆ ಸಾಮಾನೆಲ್ಲ ಹೊತ್ತು ಮೊದಲು ಮುರುಡೇಶ್ವರ ಸೇರಬೇಕು. ಅದಕ್ಕೇ ನಮ್ಮೂರಿನ ಡೈವಿಂಗ್ ಗೆಳೆಯರು ಹಗುರವಾದ ಅಲ್ಯೂಮಿನಿಯಂ ಬ್ಯಾಕ್‌ಪ್ಲೇಟ್ (ಸಿಲಿಂಡರ್ ಕಟ್ಟಲು ಬೆನ್ನಿಗೆ ಹಾಕುವ ಲೋಹದ ಹಲಗೆ) ಕಡೆ ವಾಲುತ್ತಾರೆ. ಎರಡನ್ನೂ ಬೆನ್ನಿಗೆ ಕಟ್ಟಿ ಇಳಿದ ಮೇಲೆ ನನ್ನ ಓಟು ಸ್ಟೀಲ್‌ಗೆ.

ಪರಿಚಯದವರ ಬೇಳೆ ಮಿಲ್ಲಿನ ಕಾಟಾದಲ್ಲಿ ಎರಡನ್ನೂ ತೂಗಿದೆವು. ಸ್ಟೀಲ್ 2.7 ಕೆಜಿ, ಅಲ್ಯೂಮಿನಿಯಂ 900 ಗ್ರಾಂ. ನೀರೊಳಗೂ ಇವೆರಡರ ನಡುವೆ ಸುಮಾರು 1.8 ಕೆಜಿ ವ್ಯತ್ಯಾಸ ಉಳಿಯುತ್ತದೆ. ಅಂದರೆ ಸ್ಟೀಲ್ ಹಾಕಿದರೆ, ಮುಳುಗಲೆಂದು ಕಟ್ಟುವ ಸೀಸ ಅಷ್ಟು ಸೊಂಟದಿಂದ ಇಳಿಯಿತು. ನಾನು ಬಳಸುವುದು 11 ಲೀಟರ್ ಅಲ್ಯೂಮಿನಿಯಂ ಸಿಲಿಂಡರ್. ತುಂಬಿದಾಗ ಅದರೊಳಗಿನ ಗಾಳಿಯೇ 2.7 ಕೆಜಿ ಹತ್ತಿರ. ಗಾಳಿ ಖರ್ಚಾದಂತೆ ಸಿಲಿಂಡರ್ ಮೇಲಕ್ಕೆ ಎಳೆಯತೊಡಗುತ್ತದೆ. 5 ಮೀಟರ್‌ನ ಸೇಫ್ಟಿ ಸ್ಟಾಪ್‌ನಲ್ಲಿ (ಮೇಲೇರುವಾಗ ಸ್ವಲ್ಪ ಹೊತ್ತು ತಡೆದು ನಿಲ್ಲುವ ಹಂತ) ಇದು ಚೆನ್ನಾಗಿ ಗೊತ್ತಾಗುತ್ತದೆ. ಅಲ್ಯೂಮಿನಿಯಂ ಪ್ಲೇಟ್ ಇದ್ದಾಗ ಇದನ್ನು ತಡೆಯಲು ಸೊಂಟಕ್ಕೆ ಸೀಸ ಜಾಸ್ತಿ ಬೇಕಾಯಿತು, ಕಾಲು ಕೆಳಗೆ ಜಗ್ಗುತ್ತಿತ್ತು. ಸ್ಟೀಲ್ ಹಾಕಿದಾಗ ಭಾರ ಬೆನ್ನ ಮೇಲೆ, ಶ್ವಾಸಕೋಶದ ಹಿಂದೆಯೇ ಕೂತಿತು. ಮೈ ತಾನಾಗಿ ಸಪಾಟಾಯಿತು. ಆ ಸುಖಕ್ಕೆ ಬ್ಯಾಗಿನ ಭಾರ ಏನೂ ಅಲ್ಲ.

ವಿಮಾನದಲ್ಲಿ ಅಂಡಮಾನ್‌ಗೆ ಹೋಗುವವರಿಗೆ, ಸ್ಟೀಲ್ ಸಿಲಿಂಡರ್ ಬಳಸುವವರಿಗೆ ಅಲ್ಯೂಮಿನಿಯಂ ಪ್ಲೇಟೇ ಸರಿ.

ವಿಂಗ್, ಅಂದರೆ ಪ್ಲೇಟ್ ಮತ್ತು ಸಿಲಿಂಡರ್ ನಡುವೆ ಕೂರುವ, ತೇಲಲು ಗಾಳಿ ತುಂಬುವ ಚೀಲದ ವಿಷಯದಲ್ಲಿ ನನಗೆ ಗೊಂದಲವೇ ಇಲ್ಲ. 18 ಕೆಜಿ ಎತ್ತುವ ಅಗಲದ ವಿಂಗ್ ಒಂಟಿ ಸಿಲಿಂಡರ್ ಸುತ್ತ ರೊಟ್ಟಿಯ ಹಾಗೆ ಮಡಚಿಕೊಂಡಿತು, ಗಾಳಿ ಮೂಲೆಯಲ್ಲಿ ಸಿಕ್ಕಿಕೊಂಡು ಹೊರಗೆ ಬಿಡುವುದೇ ಕಷ್ಟವಾಯಿತು. 13 ಕೆಜಿಯದು ಕಿರಿದು, ಚೊಕ್ಕ. ತೆಳು ಸೂಟಿಗೆ ಅಷ್ಟು ಸಾಕು. ತುಂಬಿದ ಸಿಲಿಂಡರ್, ಪ್ಲೇಟ್, ಸೀಸ ಎಲ್ಲ ಸೇರಿ, ನೀವು ಕಳಚಿ ಬಿಟ್ಟರೂ ಗಾಳಿ ತುಂಬಿದ ವಿಂಗ್ ಅದನ್ನು ತೇಲಿಸಬೇಕು. ಇಷ್ಟು ನೋಡಿಕೊಳ್ಳಿ.

ಇನ್ನು ಪ್ಲೇಟನ್ನು ಮೈಗೆ ಕಟ್ಟುವ ಪಟ್ಟಿ. ಇಲ್ಲಿ ಸಮಯ ಕೊಡಲೇಬೇಕು. ಹೊಸಬರು ಭುಜದ ಪಟ್ಟಿಯನ್ನು ಶಾಲಾ ಬ್ಯಾಗಿನಂತೆ ಬಿಗಿಯುತ್ತಾರೆ. ಬೇಡ. ಸೂಟ್ ಹಾಕಿಕೊಂಡಾಗ ಭುಜದ ಪಟ್ಟಿಯ ಕೆಳಗೆ ಅಂಗೈ ಆರಾಮಾಗಿ ತೂರಬೇಕು, ಕೈ ಹಿಂದಕ್ಕೆ ಹೋಗಿ ಸಿಲಿಂಡರ್ ವಾಲ್ವ್ ಮುಟ್ಟಬೇಕು. ಮುಟ್ಟದಿದ್ದರೆ ಪ್ಲೇಟ್ ಕೆಳಗೆ ಕೂತಿದೆ ಅಂತ ಅರ್ಥ, ಅಲ್ವಾ? ಸಿಲಿಂಡರ್ ಸ್ವಲ್ಪ ಮೇಲೆ ಕಟ್ಟಿ ನೋಡಿ. ಸೊಂಟದ ಪಟ್ಟಿ ಹಿಡಿದಿರಲಿ, ತೊಡೆ ನಡುವಿನ ಪಟ್ಟಿ ನೆಟ್ಟಗೆ ನಿಂತಾಗ ಎಳೆಯದಿರಲಿ. ತೊಡೆ ನಡುವಿನ ಪಟ್ಟಿಯೇ ಇಲ್ಲದಿದ್ದರೆ ಪ್ಲೇಟ್ ಕುತ್ತಿಗೆಗೆ ಏರುತ್ತದೆ. ನೀರಿಗಿಳಿದು ಎಲ್ಲ ಕೂತ ಮೇಲೆಯೇ ಉಳಿದ ತುದಿ ಕತ್ತರಿಸಿ, ಬೆಂಕಿಗೆ ಹಿಡಿದು ಅಂಚು ಕರಗಿಸಿ.

ಸಿಲಿಂಡರನ್ನು ಪ್ಲೇಟಿಗೆ ಕಟ್ಟುವ ಬ್ಯಾಂಡನ್ನು ಒದ್ದೆ ಮಾಡಿಯೇ ಬಿಗಿಯಿರಿ. ನೈಲಾನ್ ನೀರಲ್ಲಿ ಸಡಿಲಾಗುತ್ತದೆ. ಬಿಗಿದ ಮೇಲೆ ಪ್ಲೇಟ್ ಹಿಡಿದು ಎತ್ತಿ ಅಲ್ಲಾಡಿಸಿ, ಸಿಲಿಂಡರ್ ಜಾರಿದರೆ ಮತ್ತೊಮ್ಮೆ ಕಟ್ಟಿ.