ಮನೆಯ ವಿಡಿಯೊ, ಫೋಟೊ ಸಂಕಲನಕ್ಕೆ ಶಾಟ್‌ಕಟ್ ಮತ್ತು ಗಿಂಪ್

ಗೃಹಪ್ರವೇಶ, ನಾಮಕರಣ, ಶಾಲೆಯ ವಾರ್ಷಿಕೋತ್ಸವ ಮುಂತಾದವುಗಳ ವಿಡಿಯೊಗಳನ್ನು ಕತ್ತರಿಸಿ ಜೋಡಿಸಲು ಮೊದಲ ಬಾರಿಗೆ ಕಂಪ್ಯೂಟರಿನ ಮುಂದೆ ಕೂರುವವರು ಹಣ ತೆತ್ತು ತಂತ್ರಾಂಶ ಕೊಳ್ಳಬೇಕಾಗಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಉಚಿತವೆಂದು ಹೇಳಿಕೊಳ್ಳುವ ಕೆಲವು ತಂತ್ರಾಂಶಗಳು, ಕೆಲಸವೆಲ್ಲ ಮುಗಿದು ವಿಡಿಯೊ ಹೊರತೆಗೆಯುವ ಹೊತ್ತಿಗೆ ಅದರ ಮೇಲೆ ತಮ್ಮ ಹೆಸರನ್ನು (ವಾಟರ್‌ಮಾರ್ಕ್) ಅಚ್ಚೊತ್ತುತ್ತವೆ. ಅದನ್ನು ತೆಗೆಯಬೇಕೆಂದರೆ ಚಂದಾ ಕಟ್ಟಬೇಕು. ವಿಡಿಯೊ ಸಂಕಲಿಸುವ ಶಾಟ್‌ಕಟ್ ಮತ್ತು ಫೋಟೊ ತಿದ್ದುವ ಗಿಂಪ್ ಹಾಗಲ್ಲ. ಎರಡೂ ಮುಕ್ತ ತಂತ್ರಾಂಶಗಳು. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತವೆ. ವಾಟರ್‌ಮಾರ್ಕ್ ಆಗಲಿ, ಬಳಕೆಯ ಅವಧಿಗೆ ಮಿತಿಯಾಗಲಿ ಇಲ್ಲ.

ವಿಡಿಯೊಗೆ ನಾನು ಶಾಟ್‌ಕಟ್ಟನ್ನು ಆರಿಸುವುದಕ್ಕೆ ಮುಖ್ಯ ಕಾರಣ, ಸಾಧಾರಣ ಲ್ಯಾಪ್‌ಟಾಪಿನಲ್ಲೂ ಅದು ನಡೆಯುತ್ತದೆ ಎಂಬುದು. ಎಚ್‌ಡಿ ವಿಡಿಯೊಗೆ 8 ಜಿಬಿ, 4ಕೆ ವಿಡಿಯೊಗೆ 16 ಜಿಬಿ ರ‍್ಯಾಮ್ ಇರಬೇಕೆಂದು ಅದರ ತಯಾರಕರೇ ಹೇಳುತ್ತಾರೆ. ಯಂತ್ರ ತಡವರಿಸಿದರೆ ಪ್ರಿವ್ಯೂ, ಅಂದರೆ ಕೆಲಸದ ವೇಳೆ ಪರದೆಯಲ್ಲಿ ಕಾಣುವ ವಿಡಿಯೊದ ಗುಣಮಟ್ಟವನ್ನು 360ಪಿ ಮಟ್ಟಕ್ಕೆ ಇಳಿಸಿಕೊಂಡು ಕೆಲಸ ಮಾಡಬಹುದು. ಕೊನೆಯಲ್ಲಿ ಹೊರಬರುವ ವಿಡಿಯೊದ ಗುಣಮಟ್ಟಕ್ಕೆ ಇದರಿಂದ ಕುಂದುಂಟಾಗುವುದಿಲ್ಲ. ತುಣುಕುಗಳನ್ನು ಸಾಲಾಗಿ ಜೋಡಿಸುವ ಪಟ್ಟಿಯಾದ ಟೈಮ್‌ಲೈನಿನಲ್ಲಿ ಎಸ್ ಕೀಲಿ ಒತ್ತಿದರೆ ತುಣುಕು ಎರಡಾಗುತ್ತದೆ, ಬೇಡದ ಭಾಗವನ್ನು ಎಕ್ಸ್ ಕೀಲಿ ತೆಗೆದು ತೆರವನ್ನೂ ಮುಚ್ಚುತ್ತದೆ. ಮನೆಯ ವಿಡಿಯೊದ ಬಹುಪಾಲು ಕೆಲಸ ಇಷ್ಟರಲ್ಲೇ ಮುಗಿಯುತ್ತದೆ. ಮೊಬೈಲ್ ಕ್ಯಾಮೆರಾಗಳು ಸೆಕೆಂಡಿಗೆ ಇಷ್ಟೇ ಎಂಬ ನಿಶ್ಚಿತ ಲೆಕ್ಕದಲ್ಲಿ ಫ್ರೇಮ್‌ಗಳನ್ನು (ವಿಡಿಯೊದ ಬಿಡಿ ಚಿತ್ರಗಳನ್ನು) ದಾಖಲಿಸದಿರುವುದರಿಂದ, ಸಂಕಲನದ ವೇಳೆ ಮಾತಿಗೂ ತುಟಿಗೂ ಹೊಂದಿಕೆ ತಪ್ಪುವ ಸಾಧ್ಯತೆ ಇರುತ್ತದೆ. ಅಂಥ ಕಡತವನ್ನು ತೆರೆದಾಗ ಅದನ್ನು ಸಂಕಲನಕ್ಕೆ ಯೋಗ್ಯವಾದ ರೂಪಕ್ಕೆ ಪರಿವರ್ತಿಸಲೇ ಎಂದು ಶಾಟ್‌ಕಟ್ ತಾನಾಗಿ ಕೇಳುತ್ತದೆ. ಆಗ ಒಪ್ಪಿಕೊಳ್ಳುವುದು ಕ್ಷೇಮ, ಆದರೆ ಡಿಸ್ಕಿನಲ್ಲಿ ಸಾಕಷ್ಟು ಜಾಗವಿರಬೇಕು.

ಹೊಸಬರು ತಿಳಿದಿರಲೇಬೇಕಾದ ಇನ್ನೊಂದು ಸಂಗತಿಯೆಂದರೆ, ಶಾಟ್‌ಕಟ್ಟಿನ ಪ್ರಾಜೆಕ್ಟ್ ಕಡತದೊಳಗೆ ವಿಡಿಯೊ ಇರುವುದಿಲ್ಲ. ಯಾವ ವಿಡಿಯೊ ಎಲ್ಲಿದೆ, ಅದನ್ನು ಎಲ್ಲಿ ಕತ್ತರಿಸಲಾಗಿದೆ ಎಂಬ ವಿವರಗಳಷ್ಟೇ ಇರುತ್ತವೆ. ಆದ್ದರಿಂದ ಮೂಲ ತುಣುಕುಗಳನ್ನು ಮೊದಲೇ ಒಂದು ಫೋಲ್ಡರಿಗೆ ಹಾಕಿಕೊಂಡು, ಕೆಲಸ ಮುಗಿಯುವವರೆಗೆ ಅವುಗಳ ಹೆಸರನ್ನಾಗಲಿ ಸ್ಥಳವನ್ನಾಗಲಿ ಬದಲಿಸಬಾರದು.

ಕನ್ನಡದಲ್ಲಿ ಶೀರ್ಷಿಕೆ ಹಾಕಬೇಕೆನ್ನುವವರಿಗೆ ಒತ್ತಕ್ಷರಗಳು ಸರಿಯಾಗಿ ಕೂರುತ್ತವೆಯೇ ಎಂಬುದೇ ನಿಜವಾದ ಪರೀಕ್ಷೆ, ಮತ್ತು ಈ ಒಂದು ಅಂಶವನ್ನು ಬಹುತೇಕ ವಿಮರ್ಶೆಗಳು ಮುಟ್ಟುವುದೇ ಇಲ್ಲ. ಯಾವ ತಂತ್ರಾಂಶವಾದರೂ ಸರಿ, ‘ಶ್ರೀಕೃಷ್ಣ’, ‘ವಾರ್ಷಿಕೋತ್ಸವ’, ‘ಲಕ್ಷ್ಮೀ’ ಎಂಬ ಮೂರು ಪದಗಳನ್ನು ಬರೆದು ನೋಡಿದ ಮೇಲೆಯೇ ಅದನ್ನು ಒಪ್ಪಿಕೊಳ್ಳಬೇಕು. ಈಗ ಎಲ್ಲೆಡೆ ಬಳಕೆಯಲ್ಲಿರುವ ಅಕ್ಷರ ಸಂಕೇತವಾದ ಯೂನಿಕೋಡ್‌ನಲ್ಲಿ ಬರೆದರೆ ಶಾಟ್‌ಕಟ್ ಮತ್ತು ಗಿಂಪ್ ಎರಡರಲ್ಲೂ ಅಕ್ಷರಗಳು ಸರಿಯಾಗಿ ಮೂಡುತ್ತವೆ. ಹಳೆಯ ಆಸ್ಕಿ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ ಪಠ್ಯವನ್ನು ಮಾತ್ರ ಮೊದಲು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಬೇಕು. ಉಚಿತವಾಗಿ ಸಿಗುವ ‘ನೋಟೊ ಸಾನ್ಸ್ ಕನ್ನಡ’ ಫಾಂಟ್ ಶೀರ್ಷಿಕೆಗೆ ಸಾಲುತ್ತದೆ. ಅಕ್ಷರಗಳು ದುಂಡಾಗಿ, ದಪ್ಪವಾಗಿ ಕಾಣಬೇಕೆಂದರೆ ‘ಬಾಲೂ ತಮ್ಮ’ ಫಾಂಟ್ ಚೆನ್ನಾಗಿ ಒಪ್ಪುತ್ತದೆ.

1996ರಿಂದ ಬಳಕೆಯಲ್ಲಿರುವ ಗಿಂಪ್ ಕಲಿಯಲು ಶಾಟ್‌ಕಟ್ಟಿಗಿಂತ ಕಷ್ಟ. ಆದರೆ ಅಜ್ಜ ಅಜ್ಜಿಯರ ಹಳೆಯ ಕಪ್ಪು-ಬಿಳುಪು ಫೋಟೊಗಳನ್ನು ಸ್ಕ್ಯಾನ್ ಮಾಡಿ, ಗೀರು ಮತ್ತು ಕಲೆಗಳನ್ನು ಅದರ ಹೀಲ್ ಉಪಕರಣದಿಂದ ತೆಗೆದು, ಬೆಳಕು-ನೆರಳನ್ನು ಹೊಂದಿಸುವ ಲೆವೆಲ್ಸ್‌ನಿಂದ ಮಾಸಿದ ಚಿತ್ರಕ್ಕೆ ಕಳೆ ಕೊಡುವಾಗ ಆ ಶ್ರಮ ಸಾರ್ಥಕವೆನಿಸುತ್ತದೆ. 2025ರಲ್ಲಿ ಬಂದ 3.0 ಆವೃತ್ತಿಯಲ್ಲಿ ಹಾಕಿದ ಫಿಲ್ಟರನ್ನು ಆಮೇಲೆಯೂ ತಿದ್ದಲು ಅವಕಾಶವಿರುವುದರಿಂದ ಹೊಸಬರು ಧೈರ್ಯವಾಗಿ ಪ್ರಯೋಗ ಮಾಡಬಹುದು. ಬೆಳಕು ಹೆಚ್ಚಿಸಿ ಅಂಚು ಕತ್ತರಿಸುವುದಷ್ಟೇ ಬೇಕಾದವರಿಗೆ ಇಷ್ಟೆಲ್ಲ ಬೇಡ, ಮೊಬೈಲಿನ ಸ್ನ್ಯಾಪ್‌ಸೀಡ್ ಸಾಕು.

ಕೆಲವೇ ತುಣುಕುಗಳನ್ನು ಜೋಡಿಸುವವರಿಗೆ ವಿಂಡೋಸ್ 11ರೊಂದಿಗೇ ಬರುವ ಕ್ಲಿಪ್‌ಚಾಂಪ್ ಸುಲಭ. ಅದರ ಉಚಿತ ಆವೃತ್ತಿಯಲ್ಲಿ 1080ಪಿವರೆಗೆ ವಿಡಿಯೊ ಹೊರತೆಗೆಯಬಹುದು. ಬಣ್ಣದ ಸೂಕ್ಷ್ಮಗಳಲ್ಲಿ ಆಸಕ್ತಿ ಬೆಳೆದವರು ಡಾವಿಂಚಿ ರಿಸಾಲ್ವ್ ಕಡೆಗೆ ಹೋಗಬಹುದು. ಅದರ ಉಚಿತ ಆವೃತ್ತಿಯೇ ಬಹಳ ಸಮರ್ಥವಾದದ್ದು, ಆದರೆ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರದಲ್ಲಿ ಅದು ತಾಳ್ಮೆಯನ್ನು ಪರೀಕ್ಷಿಸುತ್ತದೆ. ಹಣ ಖರ್ಚು ಮಾಡಲೇಬೇಕೆಂದಿದ್ದರೆ, 8 ಜಿಬಿ ಲ್ಯಾಪ್‌ಟಾಪ್ ಇರುವವರು ತಂತ್ರಾಂಶದ ಚಂದಾಕ್ಕಿಂತ ಮೊದಲು ರ‍್ಯಾಮ್ ಹೆಚ್ಚಿಸಿಕೊಳ್ಳಲಿ, ಮೂಲ ವಿಡಿಯೊಗಳ ಪ್ರತಿ ಇಡಲು ಒಂದು ಎಕ್ಸ್‌ಟರ್ನಲ್ ಡಿಸ್ಕ್ ಕೊಳ್ಳಲಿ.